ಒರಟು ಕುಂಚದ ಮೊದಲ ಮೂರು ವಾರ

ಹಂದಿಯ ಬಿರುಗೂದಲಿನ ಹೊಸ ಬ್ರಷ್ಷನ್ನು ಕೊಂಡು ತಂದ ಗೃಹಸ್ಥನು ಮೊದಲನೆಯ ದಿನ ಬೆಳಗ್ಗೆ ಪಡುವ ಪಾಡನ್ನು ಬಚ್ಚಲುಮನೆಯ ಕನ್ನಡಿಯೊಂದೇ ಬಲ್ಲದು. ಕೂದಲು ಪೊರಕೆಯ ಕಡ್ಡಿಯಂತೆ ಕೆನ್ನೆಯನ್ನು ಚುಚ್ಚುತ್ತದೆ. ನೀರು ಸೋಕಿದೊಡನೆ ಮಳೆಯಲ್ಲಿ ನೆನೆದ ಪ್ರಾಣಿಯ ವಾಸನೆ ಏಳುತ್ತದೆ. ಸಾಬೂನನ್ನು ಎಷ್ಟು ಉಜ್ಜಿದರೂ ನೊರೆಯು ಎದ್ದಂತೆ ತೋರಿ, ಮರುಕ್ಷಣದಲ್ಲಿ ಬ್ರಷ್ಷಿನ ಹೊಟ್ಟೆಯೊಳಗೆ ಎಲ್ಲಿಯೋ ಅಡಗಿಹೋಗುತ್ತದೆ. ಮುಖದ ಮೇಲೆ ಉಳಿಯುವುದು ನಾಲ್ಕು ಗುಳ್ಳೆ, ಎರಡು ಉದುರಿದ ಕೂದಲು. ಮೂರು ದಿನ ಹೀಗೆಯೇ ನಡೆದರೆ ನಾಲ್ಕನೆಯ ದಿನ ಅಂಗಡಿಯವನಿಗೆ ಶಾಪ. ವಾರ ತುಂಬುವುದರೊಳಗೆ ಬ್ರಷ್ಷಿಗೆ ಹೊಲಿಗೆಯ ಯಂತ್ರದ ಧೂಳು ಕೊಡಹುವ ಇಲಾಖೆಗೆ ವರ್ಗ. ತೆರವಾದ ಜಾಗದಲ್ಲಿ, ಒತ್ತಿದೊಡನೆ ಬುಸ್ಸೆಂದು ನೊರೆ ಉಗುಳುವ ಡಬ್ಬಿಯೊಂದು ಬಂದು ಕುಳಿತುಕೊಳ್ಳುತ್ತದೆ.

ಈ ವರ್ಗಾವಣೆಯ ಆಜ್ಞೆ ಬಹುಮಟ್ಟಿಗೆ ಅವಸರದ್ದು. ಬ್ರಷ್ಷಿನ ಸ್ವಭಾವವನ್ನು ವಿಚಾರಿಸದೆ ಹೊರಡಿಸಿದ್ದು.

ಕ್ಷೌರದ ಬ್ರಷ್ಷುಗಳಲ್ಲಿ ಮುಖ್ಯವಾಗಿ ಮೂರು ಕುಲಗಳುಂಟು. ನೈಲಾನು ಮೊದಲಾದ ಕೃತಕ ಎಳೆಗಳದು ಒಂದು. ಹಿಂದೆ ಇವು ಬಲು ಒರಟಾಗಿದ್ದವು; ಈಚಿನವು ಸಾಕಷ್ಟು ಮೃದು. ಕೊಂಡ ದಿನ ಹೇಗಿರುತ್ತವೆಯೋ ಮುಂದೆಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿಯ ಕೂದಲಿನದು ಇನ್ನೊಂದು. ಅದು ಮೊದಲ ದಿನದಿಂದಲೇ ಮೃದು. ಅದರ ಬೆಲೆ ಮಾತ್ರ ಮೃದುವಲ್ಲ. ಫ್ರೆಂಚರಲ್ಲಿ ಆ ಪ್ರಾಣಿಗೂ ಕ್ಷೌರದ ಬ್ರಷ್ಷಿಗೂ ‘ಬ್ಲೆರೋ’ ಎಂಬ ಒಂದೇ ಹೆಸರಿರುವುದನ್ನು ನೋಡಿದರೆ ಅದರ ಪ್ರತಿಷ್ಠೆ ಎಷ್ಟೆಂಬುದು ತಿಳಿಯುತ್ತದೆ. ಮೂರನೆಯದು ಹಂದಿಕೂದಲಿನದು. ಕೊಂಡ ದಿನದ ಮಟ್ಟಿಗೆ ಮೂರರಲ್ಲಿ ಅತ್ಯಂತ ಕೆಟ್ಟದ್ದು ಅದೇ ಎಂದು ಒಪ್ಪಿಕೊಳ್ಳಲೇಬೇಕು. ಆದರೆ ಎರಡನೆಯ ತಿಂಗಳಲ್ಲಿ ಗುರುತು ಸಿಕ್ಕದಷ್ಟು ಬದಲಾಗಿ, ಮೊದಲ ತಿಂಗಳಿಗಿಂತ ಉತ್ತಮವಾಗುವ ಗುಣ ಅದಕ್ಕೆ ಮಾತ್ರ ಉಂಟು.

ಇದಕ್ಕೆ ಕಾರಣ ಆ ಕೂದಲಿನ ರಚನೆಯಲ್ಲಿಯೇ ಇದೆ. ಬಿರುಗೂದಲಿಗೆ ಬುಡ ದಪ್ಪ, ತುದಿ ಸಣ್ಣ. ತುದಿಯು ಸ್ವಭಾವತಃ ಎರಡಾಗಿಯೋ ಮೂರಾಗಿಯೋ ಸೀಳಿರುತ್ತದೆ. ದಿನವೂ ನೀರು ಹೀರಿ ಉಬ್ಬಿ, ಮತ್ತೆ ಒಣಗಿ ಕುಗ್ಗಿ, ಕೆನ್ನೆಯ ಮೇಲೆ ತೇಯುತ್ತ ಬಂದಂತೆ ಆ ಸೀಳು ಇನ್ನಷ್ಟು ಕವಲೊಡೆಯುತ್ತದೆ. ಬೇವಿನ ಕಡ್ಡಿಯನ್ನು ಜಗಿದು ಹಲ್ಲುಜ್ಜಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಡ್ಡಿ ಗಟ್ಟಿಯಾಗಿಯೇ ಇರುತ್ತದೆ, ತುದಿ ಮಾತ್ರ ನಾರುನಾರಾಗಿ ಮೆತ್ತಗಾಗುತ್ತದೆ. ಪಳಗಿದ ಹಂದಿಕೂದಲಿನ ಬ್ರಷ್ಷಿನ ಹೆಚ್ಚುಗಾರಿಕೆಯೂ ಅಲ್ಲಿಯೇ. ಗಟ್ಟಿ ಸಾಬೂನಿನ ಬಿಲ್ಲೆಯಿಂದ ಬೇಕಾದಷ್ಟು ಸಾಬೂನನ್ನು ಕೆರೆದೆತ್ತುವ ಬಲ ಅದರ ಒಡಲಿನಲ್ಲಿ ಉಳಿದಿರುತ್ತದೆ. ಚರ್ಮಕ್ಕೆ ತಾಗುವ ತುದಿಯಲ್ಲಿ ರೇಷ್ಮೆಯ ನಯ ಬಂದಿರುತ್ತದೆ. ತೈಲವರ್ಣದ ಚಿತ್ರಕಾರರು ಗಟ್ಟಿ ಬಣ್ಣವನ್ನು ಹೊತ್ತು ಸಾಗಿಸಲು ಈ ಕೂದಲಿನ ಕುಂಚವನ್ನೇ ಆರಿಸಿಕೊಳ್ಳುವುದೂ ಇದಕ್ಕಾಗಿಯೇ.

ಇನ್ನೊಂದು ಭೇದವನ್ನೂ ಇಲ್ಲಿ ಗಮನಿಸಬೇಕು. ಬ್ಯಾಡ್ಜರ್ ಕೂದಲು ನೀರನ್ನು ಎಳೆಗಳ ನಡುವೆ ಹಿಡಿದುಕೊಳ್ಳುತ್ತದೆ. ಹಂದಿಯ ಕೂದಲಾದರೋ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಒಣಗಿದ್ದಾಗ ಬಿರುಸಾಗಿದ್ದ ಎಳೆ ನೆನೆದ ಮೇಲೆ ಬಾಗುತ್ತದೆ. ಆದ್ದರಿಂದ ಬ್ಯಾಡ್ಜರನ್ನು ನೀರಿನಲ್ಲಿ ಅದ್ದಿ ತೆಗೆದರೂ ಸಾಗುತ್ತದೆ, ಹಂದಿಕೂದಲನ್ನು ನೆನೆಹಾಕಲೇಬೇಕು. ಮೊದಲ ವಾರದಲ್ಲಿಯೇ ಅದನ್ನು ಬಿಸುಡುವವರಲ್ಲಿ ಹೆಚ್ಚಿನವರು ಈ ಒಂದು ಕೆಲಸವನ್ನು ಮಾಡಿರುವುದಿಲ್ಲ.

ಸಂಸ್ಕೃತದಲ್ಲಿ ‘ಕೂರ್ಚ’ ಎಂಬ ಶಬ್ದವೊಂದುಂಟು. ದರ್ಭೆಯ ಕಟ್ಟಿಗೂ ಅದೇ ಹೆಸರು, ಕುಂಚಕ್ಕೂ ಅದೇ, ಗಡ್ಡಕ್ಕೂ ಅದೇ. ಇದು ನಿಘಂಟಿನ ಚಮತ್ಕಾರವೆಂದು ನಕ್ಕುಬಿಡಬಹುದು. ಆದರೆ ಕುಂಚ ಮತ್ತು ಗಡ್ಡದ ಮಟ್ಟಿಗಾದರೂ ರಸಾಯನಶಾಸ್ತ್ರವು ನಿಘಂಟಿನ ಪಕ್ಷವನ್ನೇ ವಹಿಸುತ್ತದೆ. ಹಂದಿಯ ಬಿರುಗೂದಲೂ ಮನುಷ್ಯನ ಗಡ್ಡವೂ ಕೆರಾಟಿನ್ ಎಂಬ ಒಂದೇ ಬಗೆಯ ದ್ರವ್ಯದಿಂದ ಆದವು. ಚೆನ್ನಾಗಿ ನೆನೆದ ಕೂದಲು ತನ್ನ ತೂಕದ ನೂರಕ್ಕೆ ಸುಮಾರು 30ರಷ್ಟು ನೀರನ್ನು ಹೀರಿಕೊಳ್ಳುತ್ತದೆ. ಒಣಗಿದ ಗಡ್ಡವನ್ನು ಕೊಯ್ಯಲು ಬೇಕಾಗುವ ಬಲಕ್ಕಿಂತ ನೆನೆದ ಗಡ್ಡವನ್ನು ಕೊಯ್ಯಲು ಬೇಕಾಗುವ ಬಲ ಎಷ್ಟೋ ಕಡಿಮೆ. ಹೀಗಿರುವುದರಿಂದ ಬೆಳಗಿನ ಹೊತ್ತಿನಲ್ಲಿ ಎರಡು ಕೂರ್ಚಗಳೂ ಒಟ್ಟಿಗೆ ನೆನೆಯಬೇಕು. ಬ್ರಷ್ಷು ಲೋಟದಲ್ಲಿ ನೆನೆಯುತ್ತಿರುವಾಗ ಮುಖವೂ ಬೆಚ್ಚನೆಯ ನೀರು ಕಾಣುತ್ತಿರಬೇಕು. ಒಂದನ್ನು ನೆನೆಸಿ ಇನ್ನೊಂದನ್ನು ಮರೆತರೆ ಅಲಗು ತನ್ನ ಆಕ್ಷೇಪಣೆಯನ್ನು ಕೆನ್ನೆಯ ಮೇಲೆಯೇ ಬರೆದು ತೋರಿಸುತ್ತದೆ.

ಆದರೆ ಹಂದಿಯ ಕೂದಲೆಂಬ ಮಾತು ಬಚ್ಚಲುಮನೆಯಿಂದ ಹೊರಗೆ ಬಂದರೆ ಎಲ್ಲ ಮನೆಗಳಲ್ಲಿಯೂ ಸುಲಭವಾಗಿ ಜೀರ್ಣವಾಗುವುದಿಲ್ಲ. ಬಸವನಗುಡಿಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗನು ಹೊಸ ಬ್ರಷ್ಷನ್ನು ಒಣಗಲೆಂದು ನಡುಮನೆಯ ಕಿಟಕಿಯಲ್ಲಿ ಇಟ್ಟಿದ್ದಾನೆ.

“ಏನೋ ಅದು? ಯಾವುದರ ಕೂದಲೋ?”

“ಹಂದೀದಮ್ಮ.”

“ರಾಮ ರಾಮ! ಮೊದಲು ಅಲ್ಲಿಂದ ತೆಗಿ ಅದನ್ನ. ಮುಖಕ್ಕೆ ಬೇರೆ ಹಚ್ಕೋತೀಯಾ?”

ಪತ್ರಿಕೆಯ ಮರೆಯಿಂದ ತಂದೆಯ ದನಿ ಬರುತ್ತದೆ: “ಹೋದ ವರ್ಷ ಬಾಗಿಲಿಗೆಲ್ಲ ಬಣ್ಣ ಹೊಡೆಸಿದೆಯಲ್ಲೇ, ಆ ಬ್ರಷ್ಷು ಯಾವುದರದು ಅಂದ್ಕೊಂಡಿದ್ದೆ?”

ಅಲ್ಲಿಗೆ ಮನೆಯ ಬಾಗಿಲುಗಳಿಗೂ ಮೈಲಿಗೆ ತಟ್ಟಿತೆಂದೇ ತಿಳಿಯಬೇಕು. ಮಗನು ಸ್ವಲ್ಪ ಓದಿಕೊಂಡವನಾದರೆ, ಯಜ್ಞವರಾಹನು ಮೈಕೊಡವಿದಾಗ ಉದುರಿದ ರೋಮಗಳೇ ಕುಶಕಾಶಗಳಾದುವೆಂದು ಭಾಗವತದಲ್ಲಿಯೇ ಹೇಳಿದೆಯೆಂದೂ, ಬಾದಾಮಿಯ ಚಾಲುಕ್ಯರ ಲಾಂಛನ ವರಾಹವೇ ಆಗಿತ್ತೆಂದೂ, ಕನ್ನಡ ನಾಡಿನಲ್ಲಿ ಚಿನ್ನದ ನಾಣ್ಯವನ್ನೇ ವರಾಹವೆಂದು ಕರೆದರೆಂದೂ ವಾದ ಹೂಡಬಹುದು. ಇಂಥ ವಾದಗಳಿಗೆ ಸೋತ ತಾಯಂದಿರು ವಿರಳ. ಬ್ರಷ್ಷು ಬಚ್ಚಲುಮನೆಯ ಗೂಡಿಗೆ ಮರಳುತ್ತದೆ.

ನಗೆಯ ಮಾತು ಹಾಗಿರಲಿ. ಪ್ರಾಣಿಜನ್ಯವಾದದ್ದು ಮೈಗೆ ಸೋಕಬಾರದೆಂಬುದು ಯಾರ ನಿಷ್ಠೆಯೋ ಅವರು ಕೃತಕ ಎಳೆಯ ಬ್ರಷ್ಷನ್ನು ಕೊಳ್ಳುವುದೇ ಸರಿ. ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ಆದರೆ ಅದು ಚೊಕ್ಕಟವೇ ಎಂದು ತಾಯಿಯು ಕೇಳಿದ್ದರೆ ಆ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿರುತ್ತಿತ್ತು. ಕ್ಷೌರದ ಬ್ರಷ್ಷು ಮನುಷ್ಯರ ಪ್ರಾಣವನ್ನೇ ತೆಗೆದ ಕಾಲವೊಂದಿತ್ತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಮುಂಚೆ ಬ್ಯಾಡ್ಜರ್ ಕೂದಲು ರಷ್ಯದಿಂದ ಹೊರಟು, ಜರ್ಮನಿಯಲ್ಲಿ ಶುದ್ಧಿಗೊಂಡು ಇತರ ದೇಶಗಳನ್ನು ಸೇರುತ್ತಿತ್ತು. ಯುದ್ಧವು ಆ ದಾರಿಯನ್ನು ಕಡಿದುಹಾಕಿತು. ಅದೇ ಹೊತ್ತಿಗೆ ಬ್ರಷ್ಷಿನ ಬೇಡಿಕೆ ಮಾತ್ರ ಏರಿತು. ವಿಷವಾಯುವಿನಿಂದ ಕಾಪಾಡುವ ಮುಖವಾಡವು ಗಡ್ಡದ ಮೇಲೆ ಸರಿಯಾಗಿ ಕೂರದಾದ್ದರಿಂದ ಸೈನಿಕರು ನುಣ್ಣಗೆ ಕ್ಷೌರ ಮಾಡಿಕೊಳ್ಳಬೇಕಾಗಿತ್ತು. ವ್ಯಾಪಾರಿಗಳು ಪೂರ್ವದೇಶಗಳ ಕುದುರೆಯ ಕೂದಲಿಗೆ ಬಣ್ಣ ಹಾಕಿ ಬ್ಯಾಡ್ಜರಿನ ವೇಷ ತೊಡಿಸಿದರು. ವೇಷ ತೊಡಿಸುವ ಆತುರದಲ್ಲಿ ಸ್ನಾನ ಮಾಡಿಸುವುದನ್ನು ಮರೆತರು. ದನಕರುಗಳನ್ನು ಕೊಲ್ಲುವ ಆಂಥ್ರ್ಯಾಕ್ಸ್ ರೋಗದ ಬೀಜಾಣುಗಳು ಆ ಕೂದಲಿನಲ್ಲಿ ಅಡಗಿ ಬಂದು, ಅಲಗು ಮಾಡಿದ ಸಣ್ಣ ಗಾಯಗಳ ಮೂಲಕ ಒಳಹೊಕ್ಕವು. ಬ್ರಿಟನ್, ಅಮೆರಿಕಗಳಲ್ಲಿ ಸೈನಿಕರೂ ನಾಗರಿಕರೂ ಸೇರಿ 200ಕ್ಕೂ ಹೆಚ್ಚು ಮಂದಿ ಹೀಗೆ ರೋಗಕ್ಕೆ ತುತ್ತಾದರು. ಅವರಲ್ಲಿ ಕೆಲವರು ಬದುಕಲಿಲ್ಲ. 1920ರಲ್ಲಿ ಬ್ರಿಟನ್ ಸರ್ಕಾರವು ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು. ಮುಂದೆ ಎಷ್ಟೋ ಬ್ರಷ್ಷುಗಳ ಹಿಡಿಯ ಮೇಲೆ ‘ಸ್ಟೆರಿಲೈಜ್ಡ್’ ಎಂಬ ಮುದ್ರೆ ಕಾಣಿಸಿಕೊಂಡದ್ದರ ಹಿಂದೆ ಈ ಭಯವಿತ್ತು. ಇಲ್ಲಿ ಮುಖ್ಯ ಅಪರಾಧಿ ಹಂದಿಯ ಕೂದಲಲ್ಲ, ಸುಳ್ಳು ಹೆಸರಿನ ಕುದುರೆಯ ಕೂದಲು. ಬಿರುಗೂದಲನ್ನು ತೊಳೆದು ಕುದಿಸಿಯೇ ಬ್ರಷ್ಷು ಕಟ್ಟುತ್ತಾರೆ. ಹಾಗಿದ್ದರೂ, ಹಳೆಯ ವಸ್ತುಗಳ ಅಂಗಡಿಯಲ್ಲಿ ನೂರು ವರ್ಷದ ಬ್ರಷ್ಷು ಕಂಡರೆ ಅದನ್ನು ಕಪಾಟಿನಲ್ಲಿಟ್ಟು ನೋಡಿ ಸಂತೋಷಪಡುವುದು ಕ್ಷೇಮ.

ಬಿರುಗೂದಲಿನ ದೊಡ್ಡ ಭಂಡಾರ ಚೀನ. ಅಲ್ಲಿನ ಚುಂಗ್‌ಕಿಂಗ್ ನಗರದ ಕಪ್ಪು ಕೂದಲು ಜಗತ್ಪ್ರಸಿದ್ಧವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಬಂದ ಬೆಲೆಯನ್ನು ಇಂದು ನಂಬುವುದೇ ಕಷ್ಟ. ಹಡಗು, ವಿಮಾನಗಳಿಗೆ ಬಣ್ಣ ಬಳಿಯುವ ಬ್ರಷ್ಷಿಗೆ ಅದು ಬೇಕಾಗಿತ್ತು. 1942ರಲ್ಲಿ ಬರ್ಮಾ ರಸ್ತೆ ಕೈತಪ್ಪಿದ ಮೇಲೆ, ಅಸ್ಸಾಮಿನಿಂದ ಪರ್ವತಗಳನ್ನು ದಾಟಿ ಚೀನಕ್ಕೆ ಯುದ್ಧಸಾಮಗ್ರಿಯನ್ನು ಒಯ್ಯುತ್ತಿದ್ದ ವಿಮಾನಗಳು ಮರಳುವಾಗ ಟಂಗ್‌ಸ್ಟನ್ ಮತ್ತು ತವರದ ಜೊತೆಗೆ ಹಂದಿಕೂದಲನ್ನೂ ಹೊತ್ತು ತರುತ್ತಿದ್ದವು. ಭಾರತದಲ್ಲಿ ಈ ವ್ಯಾಪಾರಕ್ಕೆ ಹೆಸರಾದ ಊರು ಕಾನ್ಪುರ. ಉತ್ತರ ಪ್ರದೇಶದ್ದೇ ಆದ ಶೇರ್‌ಕೋಟ್ ಬಣ್ಣದ ಬ್ರಷ್ಷು ಕಟ್ಟುವವರ ಊರು. ಕ್ಷೌರದ ಬ್ರಷ್ಷಿನಲ್ಲಿ ಹಂದಿಕೂದಲಿಗೆ ಮರ್ಯಾದೆ ತಂದವರು ಮಾತ್ರ ಇಟಲಿ, ಪೋರ್ಚುಗಲ್ ದೇಶದವರು. ಇಟಲಿಯ ಬೊಲೋನ್ಯದಲ್ಲಿ 1931ರಿಂದ ನಡೆದುಬಂದಿರುವ ಒಮೇಗ ಎಂಬ ತಯಾರಕರ ಬ್ರಷ್ಷುಗಳು ಅಲ್ಲಿನ ಕ್ಷೌರದ ಅಂಗಡಿಗಳಲ್ಲಿ ಸರ್ವೇಸಾಮಾನ್ಯ.

ಇಟಲಿಯ ಕ್ಷೌರಿಕನಿಗೆ ಬ್ರಷ್ಷನ್ನು ಪಳಗಿಸುವ ಚಿಂತೆಯೇ ಇಲ್ಲ. ಗಿರಾಕಿಯ ಮೇಲೆ ಗಿರಾಕಿ ಬರುತ್ತಿದ್ದರೆ ಕೆಲವೇ ದಿನಗಳಲ್ಲಿ ಅದು ತಾನಾಗಿಯೇ ಮೆತ್ತಗಾಗುತ್ತದೆ. ಮನೆಯಲ್ಲಿ ದಿನಕ್ಕೆ ಒಂದೇ ಮುಖ. ಆದ್ದರಿಂದಲೇ ಹದಿನೈದು ಇಪ್ಪತ್ತು ಕ್ಷೌರಗಳು, ಎಂದರೆ ಸುಮಾರು ಮೂರು ವಾರಗಳು ಬೇಕಾಗುತ್ತವೆ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆಗಳನ್ನು ಬಿಡುವ ಮನೆತನದವರು ಇನ್ನೂ ಒಂದು ವಾರವನ್ನು ಸೇರಿಸಿಕೊಳ್ಳಬೇಕು.

ಕಾಯುವ ಈ ಅವಧಿಯನ್ನು ಸ್ವಲ್ಪ ಕಿರಿದುಮಾಡಲು ಉಪಾಯವುಂಟು. ಬ್ರಷ್ಷು ಮನೆಗೆ ಬಂದ ರಾತ್ರಿಯೇ ಅದನ್ನು ಮುಖಕ್ಕೆ ತಾಗಿಸದೆ, ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ನೆನೆಸಿ, ಸಾಬೂನಿನ ಮೇಲೆ ಆಡಿಸಿ, ಅಂಗೈಯಲ್ಲಿ ನೊರೆ ಎಬ್ಬಿಸಬೇಕು. ಆ ನೊರೆಯನ್ನು ಕೂಡಲೆ ತೊಳೆಯದೆ ಕೂದಲಿನಲ್ಲಿಯೇ ಬಿಟ್ಟು, ಬೆಳಗ್ಗೆ ತೊಳೆದು ಪೂರ್ತಿಯಾಗಿ ಒಣಗಿಸಬೇಕು. ನಾಲ್ಕೈದು ದಿನ ಹೀಗೆ ಮಾಡಿದರೆ ವಾಸನೆಯ ಹೆಚ್ಚಿನ ಭಾಗ ಹೋಗುತ್ತದೆ, ತುದಿಗಳ ಸೀಳುವಿಕೆಯೂ ಆರಂಭವಾಗುತ್ತದೆ. ‘ಪೂರ್ತಿಯಾಗಿ ಒಣಗಿಸಬೇಕು’ ಎಂಬ ಮಾತನ್ನು ಓದಿ ಮುಂದೆ ಸಾಗಿಬಿಡಬಾರದು. ನೆನೆಯುವುದೂ ಒಣಗುವುದೂ ಒಂದಾದ ಮೇಲೊಂದು ನಡೆದರೆ ಮಾತ್ರ ತುದಿ ಕವಲೊಡೆಯುತ್ತದೆ. ಬೇಗ ಪಳಗಲೆಂದು ದಿನಗಟ್ಟಲೆ ನೀರಿನಲ್ಲಿಯೇ ಮುಳುಗಿಸಿಟ್ಟರೆ ಬುಡದ ಅಂಟು ಕೆಟ್ಟು ಕೂದಲು ಹಿಡಿಹಿಡಿಯಾಗಿ ಬಂದೀತು. ಕುದಿಯುವ ನೀರಂತೂ ಸಲ್ಲದು; ಗೀಸರಿನಿಂದ ಬರುವ ನೀರು ಕೈಗೆ ಹಿತವಾಗಿದ್ದರೆ ಬ್ರಷ್ಷಿಗೂ ಹಿತ. ಮೊದಲ ದಿನಗಳಲ್ಲಿ ನಾಲ್ಕಾರು ಕೂದಲು ಉದುರುವುದು ಸಹಜ. ತಿಂಗಳಾದರೂ ನಿಲ್ಲದಿದ್ದರೆ ಅದು ಕಟ್ಟಿದವನ ದೋಷ.

ಕೊಳ್ಳುವಾಗಲೇ ತುದಿಗಳನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಅಗ್ಗದ ಬ್ರಷ್ಷುಗಳಲ್ಲಿ ಕತ್ತರಿಯಿಂದ ತುದಿಯನ್ನು ಸಮ ಮಾಡಿರುತ್ತಾರೆ. ಸಹಜವಾದ ಸೀಳು ಅಲ್ಲಿಗೆ ಹೋಯಿತು. ಪಳಗಲು ಬಹುಕಾಲ ಹಿಡಿಯುತ್ತದೆ. ಬಿಳಿಯ ಕೂದಲಿಗೆ ನಡುವೆ ಕಪ್ಪು ಪಟ್ಟೆ ಹಾಕಿ ಬ್ಯಾಡ್ಜರಿನಂತೆ ತೋರಿಸುವ ಚಾಳಿಯೂ ಉಂಟು. ಅದರಿಂದ ಗುಣವೂ ಇಲ್ಲ, ಅಪಾಯವೂ ಇಲ್ಲ.

ಇನ್ನು ನೊರೆಯ ವಿಷಯ. ನೊರೆ ಇರುವುದು ಕನ್ನಡಿಯ ಮುಂದೆ ಬೆಳ್ಳಗೆ ಕಾಣುವುದಕ್ಕಲ್ಲ. ನೀರನ್ನು ಗಡ್ಡದ ಮೇಲೆ ನಿಲ್ಲಿಸುವುದು, ಅಲಗಿಗೆ ಜಾರು ಕೊಡುವುದು, ಇವೆರಡೇ ಅದರ ಕರ್ತವ್ಯ. ಮೂರರಿಂದ ಐದು ನಿಮಿಷ ನೆನೆದ ಬ್ರಷ್ಷನ್ನು ಹಗುರವಾಗಿ ಹಿಂಡಿ, ಒಂದೆರಡು ಸಲ ಕೊಡವಿ, ಸಾಬೂನಿನ ಮೇಲೆ ಅರ್ಧದಿಂದ ಒಂದು ನಿಮಿಷ ಆಡಿಸಬೇಕು. ಸಾಮಾನ್ಯವಾಗಿ ಜನರು ಹತ್ತು ಸೆಕೆಂಡಿಗೇ ತೃಪ್ತರಾಗುತ್ತಾರೆ. ಹೊಸ ಬ್ರಷ್ಷು ನೊರೆಯನ್ನು ನುಂಗುತ್ತದೆಂದು ಗೊತ್ತಿರುವಾಗ ಅದಕ್ಕೆ ಉಣಬಡಿಸುವುದರಲ್ಲಿ ಜಿಪುಣತನ ಮಾಡಿದರೆ ಹೇಗೆ? ಅನಂತರ ಮುಖದ ಮೇಲಾಗಲಿ ಬಟ್ಟಲಿನಲ್ಲಾಗಲಿ ತಿರುವುತ್ತ, ಎರಡು ಮೂರು ಹನಿಗಳಂತೆ ನೀರು ಸೇರಿಸುತ್ತ ಹೋಗಬೇಕು. ಮಜ್ಜಿಗೆ ಕಡೆಯುವವರಿಗೆ ಈ ಹದ ಬೇಗ ಸಿಕ್ಕುತ್ತದೆ. ಮೊದಲು ದೊಡ್ಡ ಗುಳ್ಳೆಗಳು. ಬರಬರುತ್ತ ಅವು ಸಣ್ಣಗಾಗಿ, ಕಡೆಗೆ ಗುಳ್ಳೆಯೇ ಕಾಣದೆ ಗಟ್ಟಿ ಮೊಸರಿನ ಮೇಲಿನ ಹೊಳಪು ಬರುತ್ತದೆ. ನೊರೆಯು ಹಿಟ್ಟಿನಂತೆ ಬ್ರಷ್ಷಿಗೆ ಕಚ್ಚಿಕೊಂಡರೆ ನೀರು ಸಾಲದು. ಕೆನ್ನೆಯಿಂದ ಇಳಿದು ಕತ್ತಿಗೆ ಹರಿದರೆ ಸಾಬೂನು ಸಾಲದು. ಕಡೆಯ ಹಂತದಲ್ಲಿ ಗೋಡೆಗೆ ಬಣ್ಣ ಬಳಿಯುವಂತೆ ಮೇಲೆ ಕೆಳಗೆ ಆಡಿಸಬೇಕಲ್ಲದೆ, ಬ್ರಷ್ಷನ್ನು ಮುಖಕ್ಕೆ ಒತ್ತಿ ಹಿಟ್ಟು ಬೀಸುವಂತೆ ತಿರುಗಿಸಬಾರದು. ಹಾಗೆ ಮಾಡಿದರೆ ಎಳೆಗಳು ನಡುವಿನಲ್ಲಿ ಮುರಿಯುತ್ತವೆ.

ಇಷ್ಟೆಲ್ಲ ಮಾಡಿಯೂ ನೊರೆ ಏಳದಿದ್ದರೆ ಬ್ರಷ್ಷನ್ನು ಬೈಯುವುದಕ್ಕೆ ಮುಂಚೆ ನಲ್ಲಿಯ ಕಡೆಗೆ ನೋಡಬೇಕು. ಬೆಂಗಳೂರಿನಲ್ಲಿ ಎಷ್ಟೋ ಮನೆಗಳಿಗೆ ಕಾವೇರಿಯ ನೀರೂ ಉಂಟು, ಕೊಳವೆಬಾವಿಯ ನೀರೂ ಉಂಟು. ಕೊಳವೆಬಾವಿಯದು ಸಾಮಾನ್ಯವಾಗಿ ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ ಬಿಳಿಯ ಗಸಿಯಾಗುತ್ತದೆ, ನೊರೆಯಾಗುವುದಿಲ್ಲ. ಆ ಗಸಿಯೇ ಬ್ರಷ್ಷಿನ ಬುಡದಲ್ಲಿ ಕೂತು ಎಳೆಗಳನ್ನು ಮತ್ತೆ ಬಿರುಸು ಮಾಡುತ್ತದೆ. ಕುಡಿಯುವ ನೀರನ್ನು ಒಂದು ಚೊಂಬು ಕಾಯಿಸಿಕೊಂಡರೆ ತೊಂದರೆ ತೀರಿತು. ಗಸಿ ಈಗಾಗಲೇ ಕಟ್ಟಿದ್ದರೆ, ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಕೆಲವು ನಿಮಿಷ ಅದ್ದಿ ತೊಳೆದರೆ ಬಿಡುತ್ತದೆ.

ಕೆಲಸ ಮುಗಿದ ಮೇಲೆ ಬುಡದವರೆಗೆ ನೀರು ಹರಿಸಿ ತೊಳೆದು, ತಿರುಚದೆ ಹಿಂಡಿ, ಟವಲಿನ ಮೇಲೆ ನಾಲ್ಕು ಸಲ ಎಳೆದು ಗಾಳಿಯಾಡುವ ಕಡೆ ನಿಲ್ಲಿಸಬೇಕು. ತಲೆಕೆಳಗಾಗಿ ತೂಗುಹಾಕಿದರೂ ಸರಿ, ನೆಟ್ಟಗೆ ನಿಲ್ಲಿಸಿದರೂ ಸರಿ. ಒದ್ದೆಯಾಗಿರುವಾಗ ಡಬ್ಬಿಯಲ್ಲಿ ಮುಚ್ಚಿಡುವುದು ಮಾತ್ರ ಬೇಡ. ಅಲಗಿನಿಂದ ಚರ್ಮ ಗೀರುವುದು ಯಾರಿಗೂ ತಪ್ಪಿದ್ದಲ್ಲವಾದ್ದರಿಂದ ಮನೆಯಲ್ಲಿ ತಂದೆಗೊಂದು ಮಗನಿಗೊಂದು ಬೇರೆ ಬೇರೆ ಬ್ರಷ್ಷು ಇರಬೇಕು. ಎರಡರ ಹಿಡಿಗಳಿಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದರೆ, ಬೆಳಗಿನ ಅವಸರದಲ್ಲಿ ಕನ್ನಡಕವಿಲ್ಲದವರಿಗೂ ತಮ್ಮದು ಯಾವುದೆಂಬುದು ತಿಳಿಯುತ್ತದೆ.